ಬೋರ್ಡಿನಲ್ಲಿ ಬನ್ನೂರು, ಹಟ್ಟಿಯಲ್ಲಿ ಬೆರಕೆ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಸಚಿವರಿಗೆ,

ನಮಸ್ಕಾರ.

ಬೆಂಗಳೂರು, ಮೈಸೂರಿನ ಮಟನ್ ಅಂಗಡಿಗಳ ಮುಂದೆ ಹಾದು ಹೋದರೆ ‘ಇಲ್ಲಿ ಬನ್ನೂರು ಕುರಿ ಮಾಂಸ ದೊರೆಯುತ್ತದೆ’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಅಷ್ಟೂ ಅಂಗಡಿಗಳಿಗೆ ಸಾಲುವಷ್ಟು ಬನ್ನೂರು ಕುರಿ ಎಲ್ಲಿವೆ ಸ್ವಾಮಿ? 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ ಕುರಿಗಳು 1.1 ಕೋಟಿಯಷ್ಟಿದ್ದರೂ ಅವುಗಳಲ್ಲಿ ಬಹುಪಾಲು ಉತ್ತರದ ಮತ್ತು ಬಯಲುಸೀಮೆಯ ತಳಿಗಳು. ನಮ್ಮ ಬನ್ನೂರು ತಳಿಯ ಮೂಲ ನೆಲೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು, ಅದರ ಸುತ್ತಲಿನ ಒಂದಿಷ್ಟು ಊರುಗಳು, ಅಷ್ಟೇ.

ಕಡತಗಳಲ್ಲಿ ‘ಮಂಡ್ಯ’ ತಳಿ ಎನಿಸಿಕೊಂಡ ಈ ಕುರಿ ಗಿಡ್ಡ, ದುಂಡು. ಕೊಂಬಿಲ್ಲ. ಬಿಳಿ ಮೈ, ಕೆಲವಕ್ಕೆ ಮುಖ ತಿಳಿಗಂದು. ಹಿಂದಿನಿಂದ ನೋಡಿದರೆ ಎರಡು ತೊಡೆಗಳ ನಡುವೆ ತಲೆಕೆಳಗಾದ ಕುದುರೆಲಾಳದಂಥ ಆಕಾರ. ಬಲಿತ ಟಗರು ಸುಮಾರು 35 ಕಿಲೋ ತೂಗಿದರೆ ಹೆಚ್ಚು. ಹೆಣ್ಣು ಅದಕ್ಕಿಂತ ಹತ್ತು ಕಿಲೋ ಕಡಿಮೆ. ಮಾಂಸದ ಎಳೆಗಳ ನಡುವೆ ಕೊಬ್ಬು ಹರಡಿಕೊಂಡು ಬೆಂದಾಗ ಮೆತ್ತಗಾಗುತ್ತದೆ ಎಂಬುದೇ ಇದರ ಹೆಸರುವಾಸಿ. ಅದಕ್ಕೇ ಗಿರಾಕಿ ಕಿಲೋಗೆ ನೂರು ಹೆಚ್ಚು ಕೇಳಿದರೂ ಕೊಡುತ್ತಾನೆ.

ಆದರೆ ಅವನಿಗೆ ಗೊತ್ತಾಗುವುದಾದರೂ ಹೇಗೆ? ಯುಗಾದಿಯ ಮರುದಿನ, ಹೊಸತೊಡಕಿನಂದು, ಬೆಳಗಿನ ಜಾವದಿಂದಲೇ ಸಾಲಿನಲ್ಲಿ ನಿಂತವರನ್ನು ಕೇಳಿ ನೋಡಿ. ಮಾಂಸ ಗುಲಾಬಿ ಬಣ್ಣದ್ದಿರಬೇಕು, ಮೂಳೆ ಸಣ್ಣದಿರಬೇಕು, ತೂಗುಹಾಕಿದ್ದು ಚಿಕ್ಕದಿರಬೇಕು, ಗಂಡುಮರಿಯದಾಗಿರಬೇಕು, ಕಣ್ಣೆದುರೇ ಕಡಿದು ಕೊಡಬೇಕು ಎನ್ನುತ್ತಾರೆ. ಇವೆಲ್ಲ ವಯಸ್ಸು, ಲಿಂಗ, ತಾಜಾತನ ಹೇಳುತ್ತವೆ, ತಳಿ ಹೇಳುವುದಿಲ್ಲ. ಯಾವ ತಳಿಯ ಎಳೆಯ ಗಂಡುಮರಿಯಾದರೂ ಈ ಪರೀಕ್ಷೆಯಲ್ಲಿ ಪಾಸು. ಬಿಸಿ ಆರದ ಮಾಂಸವೇ ಮೇಲು ಅನ್ನುವ ನಂಬಿಕೆಯೂ ಪೂರ್ತಿ ಸರಿಯಲ್ಲ. ಕಡಿದ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ತಂಪಿನಲ್ಲಿ ಒಂದು ದಿನ ತೂಗುಹಾಕಿದರೆ ಮತ್ತೆ ಸಡಿಲವಾಗುತ್ತದೆ. ಇಡೀ ರಾತ್ರಿ ಲಾರಿಯಲ್ಲಿ ನಿಂತು, ಹೆದರಿ ಬಳಲಿದ ಕುರಿಯನ್ನು ಇಳಿಸಿದ ಕೂಡಲೇ ಕಡಿದರೆ ಮಾಂಸ ಕಪ್ಪಾಗಿ ಗಟ್ಟಿಯಾಗುತ್ತದೆ, ಅದು ಬನ್ನೂರಾದರೂ ಅಷ್ಟೇ. ನಮ್ಮ ಕುಕ್ಕರು ಐದು ವಿಷಲ್ಲಿನಲ್ಲಿ ಎಲ್ಲವನ್ನೂ ಮುಚ್ಚಿಹಾಕುತ್ತದೆ, ಆ ಮಾತು ಬೇರೆ!

ಈಗ ಹಟ್ಟಿಯ ಕಡೆ ಬನ್ನಿ. ಕಟುಕನಿಗೆ ಬೋರ್ಡಿನ ಬೆಲೆ ಹೇಗೂ ಸಿಗುತ್ತದೆ. ಬೆರಕೆ ಕುರಿ ಕಡಿದರೂ ಅಷ್ಟೇ, ಅಪ್ಪಟದ್ದು ಕಡಿದರೂ ಅಷ್ಟೇ. ಹಾಗಿದ್ದ ಮೇಲೆ ಅಪ್ಪಟದ್ದಕ್ಕೆ ನಮಗೆ ಹೆಚ್ಚು ಯಾಕೆ ಕೊಡುತ್ತಾನೆ? ಸಂತೆಯಲ್ಲಿ ದಲ್ಲಾಳಿ ಬೆನ್ನು ಅಮುಕಿ, ಎತ್ತಿ ನೋಡಿ, ಅಂದಾಜು ತೂಕಕ್ಕೆ ತಲೆಗಿಷ್ಟು ಅನ್ನುತ್ತಾನೆ. ತೂಕವೇ ಲೆಕ್ಕವಾದರೆ ರೈತ ಎತ್ತರದ ತಳಿಯ ಟಗರು ತಂದು ಬಿಡದೆ ಇನ್ನೇನು ಮಾಡಿಯಾನು? ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಂದೆಯ ಅತಿ ಚೆಂದದ ಗಂಡುಮರಿಗೇ ಹಬ್ಬದಲ್ಲಿ ಮೊದಲ ಗಿರಾಕಿ. ಬಿತ್ತನೆಗೆ ಉಳಿಯುವುದು ಯಾರೂ ಕೊಳ್ಳದ್ದು. ಒಳ್ಳೆಯದನ್ನು ತಿಂದು ಉಳಿದದ್ದನ್ನು ಬಿತ್ತುವ ಬೇಸಾಯ ಎಷ್ಟು ವರ್ಷ ನಡೆದೀತು? ಲಕ್ಷ ದಾಟಿದ ಟಗರಿಗೆ ಹಾರ ಹಾಕಿ ಮೆರವಣಿಗೆ ಮಾಡಿದ ಸುದ್ದಿ ಆಗಾಗ ಬರುತ್ತದೆ. ಸಂತೋಷವೇ, ಆದರೆ ಅಂಥವು ಬೆರಳೆಣಿಕೆ.

ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ ಪರಿಹಾರ ಕೊಡುತ್ತೀರಿ, ಅದು ಬೇಕು. ಬದುಕಿರುವ ಒಳ್ಳೆಯ ಟಗರಿಗೂ ಏನಾದರೂ ಕೊಡಿ. ಇಲಾಖೆಯ ವೈದ್ಯರು ಹಬ್ಬಕ್ಕೆ ಮುಂಚೆ ಮಂದೆಗಳಿಗೆ ಬಂದು ಟಗರುಗಳನ್ನು ಆರಿಸಲಿ. ಕಟುಕ ಕೊಡುವಷ್ಟು ಹಣವನ್ನು ಸರ್ಕಾರವೇ ಕೊಟ್ಟು, ಎರಡು ಮೂರು ವರ್ಷ ಅದೇ ಮಾಲೀಕನ ಬಳಿ ಬಿಡಲಿ. ರಕ್ತಸಂಬಂಧ ಬೆರೆಯದಂತೆ ಊರಿಂದೂರಿಗೆ ಅದಲುಬದಲು ಮಾಡುವ ಜವಾಬ್ದಾರಿಯನ್ನು ಧನಗೂರಿನ ಕುರಿ ಸಂವರ್ಧನಾ ಕೇಂದ್ರಕ್ಕೆ ಒಪ್ಪಿಸಿ. ನಾಲ್ಕು ಗೋಡೆಯೊಳಗಿನ ಮಂದೆಯೊಂದರಿಂದ ತಳಿ ಉಳಿಯುವುದಿಲ್ಲ, ಹಳ್ಳಿಯ ಮಂದೆಗಳಲ್ಲೇ ಉಳಿಯಬೇಕು.

ಹಸುಗಳ ಕಿವಿಗೆ 12 ಅಂಕಿಯ ಹಳದಿ ಓಲೆ ಹಾಕಿದ್ದೀರಲ್ಲ, ತಂದೆತಾಯಿ ಗೊತ್ತಿರುವ ಬನ್ನೂರು ಮರಿಗಳಿಗೂ ಹಾಕಿ. ಸಂತೆಯಲ್ಲಿ ತಕ್ಕಡಿಯೂ ಬೇಕು. ಆದರೆ ಓಲೆಯಿಲ್ಲದೆ ಬರೀ ತಕ್ಕಡಿ ಇಟ್ಟರೆ ಗಿಡ್ಡ ಕುರಿಗೆ ಇನ್ನಷ್ಟು ಹೊಡೆತ. ಬನ್ನೂರು ಎಂದು ಬೋರ್ಡು ಹಾಕುವ ಅಂಗಡಿಯವನು ಆ ದಿನ ಕಡಿದ ಕುರಿಯ ಓಲೆಯ ಸಂಖ್ಯೆಯನ್ನು ಗಿರಾಕಿಗೆ ಕಾಣುವಂತೆ ಬರೆಯಬೇಕೆಂದು ನಿಯಮ ಮಾಡಿ. ಸಂಖ್ಯೆ ತೋರಿಸಲಾಗದವನು ‘ಕುರಿ ಮಾಂಸ’ ಎಂದಷ್ಟೇ ಬರೆದುಕೊಳ್ಳಲಿ, ವ್ಯಾಪಾರ ಮಾಡಬೇಡ ಎಂದು ಯಾರೂ ಹೇಳುವುದಿಲ್ಲ.

ಇಡೀ ರಾಜ್ಯಕ್ಕೆ ಒಂದೇ ಸಲ ಬೇಡ. ಮಳವಳ್ಳಿ ತಾಲ್ಲೂಕಿನ ಮಂದೆಗಳಿಂದ ಶುರುಮಾಡಿ, ಮೈಸೂರು ನಗರದ ಅಂಗಡಿಗಳಲ್ಲಿ ಒಂದು ವರ್ಷ ನಡೆಸಿ ನೋಡಿ. ಟಗರು ಆರಿಸುವ ದಿನ ನೀವೂ ಬಂದರೆ, ಯಾವುದನ್ನು ಉಳಿಸಿಕೊಳ್ಳಬೇಕೆಂದು ನಮ್ಮ ಹಿರಿಯರು ಕೈಯಿಟ್ಟು ತೋರಿಸುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮಳವಳ್ಳಿ ಸೀಮೆಯ ಒಬ್ಬ ಕುರಿ ಸಾಕಣೆದಾರ