ಹಿತ್ತಾಳೆ ರೈಲು ಬೇಕಾ? ಚೋರ್ ಬಜಾರಿಗೆ ಹೋಗುವ ಮುಂಚೆ ಇದನ್ನೋದಿ

ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಓದುಗರ ಅಂಕಣದಲ್ಲಿ ವಾಶಿಯ ಒಬ್ಬರು ಒಂದು ಪ್ರಶ್ನೆ ಕೇಳಿದ್ದರು. ಮಾವನವರು ಸೆಂಟ್ರಲ್ ರೈಲ್ವೆಯಿಂದ ನಿವೃತ್ತರಾದವರು, ಎಂಬತ್ತು ತುಂಬುತ್ತಿದೆ, ಅವರಿಗೆ ಹಿತ್ತಾಳೆಯ ಪುಟ್ಟ ರೈಲು ಎಂಜಿನ್ ಉಡುಗೊರೆ ಕೊಡಬೇಕು, ಮುಂಬೈಯಲ್ಲಿ ಎಲ್ಲಿ ಸಿಗುತ್ತೆ ಅಂತ. ಅದಕ್ಕೆ ಮೊನ್ನೆ ಮೂವರು ಉತ್ತರ ಬರೆದಿದ್ದಾರೆ. ಮೂವರದ್ದೂ ಒಂದೇ ಉತ್ತರ, ಚೋರ್ ಬಜಾರ್. ಓದಿ ಸುಮ್ನೆ ಇರಲಿಕ್ಕೆ ಆಗಲಿಲ್ಲ. ಯಾಕಂದ್ರೆ ಹದಿನಾಲ್ಕು ವರ್ಷದ ಹಿಂದೆ ನಾನೂ ಅಲ್ಲಿಗೇ ಹೋಗಿ, ಟೋಪಿ ಹಾಕಿಸಿಕೊಂಡು ಬಂದವನು.

ಮಟನ್ ಸ್ಟ್ರೀಟಿನ ಒಂದು ಅಂಗಡಿ. ಹೆಸರು ಬೇಡ, ಆತ ಒಳ್ಳೆಯ ಚಹಾ ಕುಡಿಸಿದ್ದ. ಗ್ರಾಮಫೋನು, ಹಡಗಿನ ದೀಪ, ಒಡೆದ ಗಡಿಯಾರಗಳ ನಡುವೆ ಒಂದೂವರೆ ಅಡಿ ಉದ್ದದ ಎಂಜಿನ್ ನಿಂತಿತ್ತು. ಹೊಗೆಕೊಳವೆ, ಗಂಟೆ, ಎಲ್ಲಾ ಇತ್ತು. "ಅಂಗ್ರೇಜೋಂ ಕೆ ಜಮಾನೆ ಕಾ ಹೈ ಸಾಬ್, ದೋ ಸೌ ಸಾಲ್ ಪುರಾನಾ" ಅಂದ. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟಿದ್ದೇ 1853ರ ಏಪ್ರಿಲ್ 16ಕ್ಕೆ, ಇನ್ನೂರು ವರ್ಷ ಎಲ್ಲಿಂದ ಬಂತು ಅಂತ ಆ ಕ್ಷಣದಲ್ಲಿ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹನ್ನೆರಡು ಸಾವಿರ ಹೇಳಿದ, ಎಂಟೂವರೆಗೆ ಇಳಿಸಿದೆ, ಗೆದ್ದೆ ಅಂದುಕೊಂಡು ಲೋಕಲ್‌ನಲ್ಲಿ ತೊಡೆಯ ಮೇಲಿಟ್ಟುಕೊಂಡು ಡೊಂಬಿವಲಿಗೆ ತಂದೆ.

ಮನೆಗೆ ಬಂದು ತಿರುಗಿಸಿ ನೋಡಿದರೆ ಹೊಟ್ಟೆಯೊಳಗೆ ಏನೂ ಇಲ್ಲ. ಮೋಟಾರಿಲ್ಲ, ಗೇರಿಲ್ಲ. ಚಕ್ರಗಳು ತಿರುಗುತ್ತವೆ, ಆದರೆ ಎಡಗಡೆ ಮತ್ತು ಬಲಗಡೆ ಚಕ್ರದ ನಡುವಿನ ಅಂತರ ಮುಂದೆ ಒಂದು, ಹಿಂದೆ ಒಂದು. ಯಾವ ಹಳಿಯ ಮೇಲೂ ಕೂರಲ್ಲ. ಚಕ್ರಕ್ಕೆ ಸೇರಬೇಕಾದ ಸರಳನ್ನು ಬಾಡಿಗೇ ಬೆಸುಗೆ ಹಾಕಿದ್ದರು. ಶೋಕೇಸಿನ ಸಾಮಾನು ಅದು, ನಮ್ಮ ಮನೆಯ ಹಿತ್ತಾಳೆ ಆನೆಯ ದಾಯಾದಿ. ಮೊರಾದಾಬಾದ್, ಅಲೀಗಢದ ಕಡೆ ಹಿತ್ತಾಳೆ ಕೆಲಸದವರು ಇಂಥ ಸಾಮಾನು ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹೊಸದನ್ನು ಮಸಿ ಬಳಿದು ಹಳೇದು ಅಂತ ಮಾರೋದು ತಪ್ಪು, ಅಷ್ಟೇ.

ಹಾಗಾಗಿ ವಾಶಿಯವರಿಗೆ ನನ್ನ ಮೊದಲ ಪ್ರಶ್ನೆ. ಮಾವನವರ ಎಂಜಿನ್ ಕಪಾಟಿನಲ್ಲಿ ನಿಂತರೆ ಸಾಕಾ, ಇಲ್ಲಾ ಓಡಬೇಕಾ? ನಿಂತರೆ ಸಾಕು ಅಂದ್ರೆ ಚೋರ್ ಬಜಾರೂ ಬೇಡ. ಪಾಯಧುನಿಯ ತಾಂಬಾ ಕಾಂಟಾ ಕಡೆ ಹಿತ್ತಾಳೆ ಅಂಗಡಿಗಳಲ್ಲಿ ಕೇಳಿ, ಹೊಸದಕ್ಕೆ ಹೊಸದರ ಬೆಲೆ ಕೊಟ್ಟು ತನ್ನಿ. ಪುರಾತನ ಅನ್ನುವ ಮಾತಿಗೆ ದುಡ್ಡು ಕೊಡಬೇಡಿ.

ಓಡಬೇಕು ಅಂದ್ರೆ ಅದು ಬೇರೆಯೇ ಲೋಕ. ಹವ್ಯಾಸಿಗಳು ಹಿತ್ತಾಳೆ ಎಂಜಿನ್ ಅಂದಾಗ ಅವರ ತಲೆಯಲ್ಲಿರೋದು ಜಪಾನ್ ಮತ್ತು ಕೊರಿಯಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಅಲ್ಲಿನ ಕುಶಲಕರ್ಮಿಗಳು ಮಾಡಿದ ಎಂಜಿನ್‌ಗಳಿಗೆ ಮನಸೋತರು. ಆಮೇಲೆ ಪೆಸಿಫಿಕ್ ಫಾಸ್ಟ್ ಮೇಲ್‌ನಂಥ ಅಮೆರಿಕದ ಆಮದುದಾರರು ತಮ್ಮ ದೇಶದ ಒಂದೊಂದು ಎಂಜಿನ್ನನ್ನೂ ಜಪಾನಿನಲ್ಲಿ ಮಾಡಿಸಿ ತರಿಸಿದರು. ಟೋಕಿಯೋದ ಗಿನ್ಜಾದಲ್ಲಿ ತೆನ್‌ಶೋಡೋ ಅಂತ ಅಂಗಡಿ ಇದೆ, ವಾಚು, ಒಡವೆ ಮಾರುವ ಅಂಗಡಿ, ಅದರಲ್ಲೇ ರೈಲೂ ಮಾರುತ್ತಾರೆ. ಒಡವೆಯ ಪಕ್ಕ ರೈಲು ಅಂದ್ರೆ ಅದರ ದರ್ಜೆ ಏನು ಅಂತ ಲೆಕ್ಕ ಹಾಕಿ. ಜಪಾನಿನಲ್ಲಿ ಕೂಲಿ ಏರಿದ ಮೇಲೆ, 1980ರ ಹೊತ್ತಿಗೆ, ಈ ಕೆಲಸ ಕೊರಿಯಾಕ್ಕೆ ಹೋಯಿತು. ಅಲ್ಲಿನ ಸಾಮ್‌ಹಾಂಗ್‌ಸಾ, ಅಜಿನ್ ಹೆಸರುಗಳು ಪೆಟ್ಟಿಗೆಯ ಮೇಲೆ ಕಂಡರೆ ಒಳ್ಳೆ ಮಾಲು.

ಇವು ಅಚ್ಚಿನಿಂದ ಸಾವಿರಗಟ್ಟಲೆ ಉದುರುವ ಆಟಿಕೆಗಳಲ್ಲ. ಹಿತ್ತಾಳೆ ತಗಡನ್ನು ಕತ್ತರಿಸಿ, ಬಗ್ಗಿಸಿ, ಕೈಯಲ್ಲಿ ಬೆಸುಗೆ ಹಾಕಿದ್ದು. ಗಂಟೆ, ಪಂಪು, ಕವಾಟದಂಥ ಸಣ್ಣ ಭಾಗಗಳನ್ನು ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ, ನಮ್ಮಲ್ಲಿ ಪಂಚಲೋಹದ ವಿಗ್ರಹ ಮಾಡುವ ಹಾಗೆಯೇ. ಒಂದು ಮಾದರಿ ಕೆಲವು ನೂರು ಮಾತ್ರ ಮಾಡಿ ನಿಲ್ಲಿಸುತ್ತಾರೆ. ಬೆಲೆ ಅದಕ್ಕೇ. ಹಳೆಯ ಸಾಧಾರಣ ಎಂಜಿನ್ ಕೂಡ ಕೆಲವು ನೂರು ಡಾಲರಿನಿಂದ ಶುರು, ಅಪರೂಪದ್ದು ಸಾವಿರಗಳಲ್ಲಿ. ಯುರೋಪಿನ ಎಂಜಿನ್ ಬೇಕಾದವರು ಸ್ವಿಟ್ಜರ್ಲೆಂಡಿನ ಫುಲ್‌ಗುರೆಕ್ಸ್, ಲೆಮಾಕೊ ಹೆಸರು ಹುಡುಕುತ್ತಾರೆ, ಬ್ರಿಟನ್ನಿನದ್ದು ಬೇಕಾದವರು ಗೋಲ್ಡನ್ ಏಜ್ ಮಾಡೆಲ್ಸ್. ಅವೆಲ್ಲಾ ನನ್ನ ಪಿಂಚಣಿಗೆ ನಿಲುಕುವಂಥದ್ದಲ್ಲ, ಫೋಟೋ ನೋಡಿ ಮುಚ್ಚಿಡೋದು.

ಹಾಗಾದ್ರೆ ಎಲ್ಲಿ ಕೊಳ್ಳೋದು? ಮುಂಬೈಯಲ್ಲಿ ಇದಕ್ಕೇ ಅಂತ ಇರುವ ಅಂಗಡಿ ಇಷ್ಟು ವರ್ಷದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹವ್ಯಾಸದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಬಾಡಿಯ ಸೆಟ್ಟುಗಳು ಸಿಗುತ್ತವೆ, ಹಿತ್ತಾಳೆ ಇಲ್ಲ. ಅಮೆರಿಕದಲ್ಲಿ ಹಿತ್ತಾಳೆಯನ್ನಷ್ಟೇ ಮಾರುವ ಬ್ರಾಸ್‌ಟ್ರೇನ್ಸ್ ಡಾಟ್ ಕಾಮ್ ಇದೆ. ಈಬೇ ಇದೆ. ಅಲ್ಲಿನ ಹಳೆಯ ತಲೆಮಾರಿನ ಸಂಗ್ರಾಹಕರಿಗೆ ವಯಸ್ಸಾಯಿತು, ಎಷ್ಟೋ ಜನ ತೀರಿಕೊಂಡರು, ಮಕ್ಕಳಿಗೆ ಆಸಕ್ತಿ ಇಲ್ಲ, ಹಾಗಾಗಿ ಮನೆ ಖಾಲಿ ಮಾಡುವಾಗ ಪೆಟ್ಟಿಗೆಗಟ್ಟಲೆ ಎಂಜಿನ್‌ಗಳು ಮಾರಾಟಕ್ಕೆ ಬರುತ್ತಿವೆ, ಸಾಮಾನ್ಯ ಮಾದರಿಗಳ ಬೆಲೆ ಮುಂಚಿನಷ್ಟು ಗಟ್ಟಿ ಇಲ್ಲ. ಇದು ಕೊಳ್ಳುವವರಿಗೆ ಒಳ್ಳೆಯ ಕಾಲ. ಆದರೆ ಯಾರಾದರೂ ಇದು ಹೂಡಿಕೆ, ಚಿನ್ನದ ಹಾಗೆ ಬೆಳೆಯುತ್ತೆ ಅಂದ್ರೆ ನಂಬಬೇಡಿ.

ತರಿಸುವ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಎಡವೋದು ಇಲ್ಲೇ. ಕಸ್ಟಮ್ಸ್ ಲೆಕ್ಕದಲ್ಲಿ ಅಳತೆಗೆ ಇಳಿಸಿ ಮಾಡಿದ ಮಾದರಿಗಳು ಆಟಿಕೆಗಳ ಜೊತೆಗೇ, 9503 ಅನ್ನುವ ಶೀರ್ಷಿಕೆಯಲ್ಲಿ ಬರುತ್ತವೆ. ಆಟಿಕೆಯ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಹಾರಿತು, 2023ರಲ್ಲಿ 70 ಆಯಿತು. ಅಗ್ಗದ ಪ್ಲಾಸ್ಟಿಕ್ ಆಟಿಕೆ ತಡೆಯಲಿಕ್ಕೆ ಹಾಕಿದ ಬೇಲಿ, ಐವತ್ತು ವರ್ಷ ಹಳೆಯ ಎಂಜಿನ್ನೂ ಅದಕ್ಕೇ ಸಿಕ್ಕಿಹಾಕಿಕೊಳ್ಳುತ್ತೆ. ಸ್ವಂತ ಬಳಕೆಗೆ ಅಂಚೆಯಲ್ಲಿ ತರಿಸಿದರೆ ಲೆಕ್ಕ ಬೇರೆ ಆಗಬಹುದು, ದರಗಳೂ ಬಜೆಟ್‌ನಿಂದ ಬಜೆಟ್‌ಗೆ ಬದಲಾಗುತ್ತವೆ. ದುಡ್ಡು ಕಟ್ಟುವ ಮುಂಚೆ ಆ ದಿನದ ದರ ವಿಚಾರಿಸಿ. ಸಾಗಣೆ, ಸುಂಕ ಎಲ್ಲಾ ಸೇರಿ ಎಂಜಿನ್ ಬೆಲೆಯಷ್ಟೇ ಮತ್ತೊಮ್ಮೆ ಕೊಟ್ಟವರನ್ನು ನಾನು ಬಲ್ಲೆ.

ನನ್ನದನ್ನು ನ್ಯೂಜರ್ಸಿಯಿಂದ ಅಕ್ಕನ ಮಗ ಕೈಚೀಲದಲ್ಲಿ ತಂದ. ಪಿಎಫ್‌ಎಂ, ಅಂದ್ರೆ ಅದೇ ಪೆಸಿಫಿಕ್ ಫಾಸ್ಟ್ ಮೇಲ್ ಲೇಬಲ್ಲಿನ ಜಪಾನಿ ಎಂಜಿನ್. ಅಲ್ಲಿನ ಏರ್‌ಪೋರ್ಟಿನಲ್ಲಿ ತಪಾಸಣೆಯವರಿಗೆ ಪರದೆಯ ಮೇಲೆ ಕಂಡದ್ದು ಒಂದು ಗಟ್ಟಿ ಲೋಹದ ಮುದ್ದೆ, ಒಳಗೆ ವಯರು. ಬಿಚ್ಚಿಸಿದರು. ಪೆಟ್ಟಿಗೆ ತೆಗೆದ ಅಧಿಕಾರಿ ಎರಡು ನಿಮಿಷ ಮಾತೇ ಆಡಲಿಲ್ಲವಂತೆ. ಆಮೇಲೆ ಪಕ್ಕದವನನ್ನೂ ಕರೆದು ತೋರಿಸಿದನಂತೆ.

ಹಳೆಯ ಮಾಲು ಕೊಳ್ಳುವವರು ಪೆಟ್ಟಿಗೆಯ ಒಳಗಿನ ಸ್ಪಂಜನ್ನು ಮೊದಲು ನೋಡಿ. ಹಳೆಯ ಸ್ಪಂಜು ವರ್ಷ ಕಳೆದಂತೆ ಹಳದಿಯಾಗಿ, ಅಂಟಾಗಿ, ಪುಡಿಯಾಗಿ ಎಂಜಿನ್ನಿಗೇ ಹಿಡಿದುಕೊಳ್ಳುತ್ತೆ, ಗೇರಿನೊಳಗೂ ಹೋಗುತ್ತೆ. ಆ ಸ್ಪಂಜು ತೆಗೆದು ಹೊಸದು ಹಾಕಿ, ಆದರೆ ಮೂಲ ಪೆಟ್ಟಿಗೆ ಬಿಸಾಡಬೇಡಿ, ಪೆಟ್ಟಿಗೆ ಇಲ್ಲದಿದ್ದರೆ ಮಾರುವಾಗ ಬೆಲೆ ಇಳಿಯುತ್ತೆ. ಇನ್ನೊಂದು, ಎಂಜಿನ್ನಿಗೂ ಅದರ ಹಿಂದಿನ ಕಲ್ಲಿದ್ದಲಿನ ಟೆಂಡರಿಗೂ ನಡುವೆ ಒಂದು ಪುಟ್ಟ ಕೊಂಡಿ ಇರುತ್ತೆ. ಒಂದು ಹಳಿಯ ಕರೆಂಟನ್ನು ಎಂಜಿನ್ನಿನ ಚಕ್ರ ಹೀರುತ್ತೆ, ಇನ್ನೊಂದು ಹಳಿಯದ್ದನ್ನು ಟೆಂಡರ್ ಹೀರುತ್ತೆ, ಆ ಕೊಂಡಿಯ ಮೂಲಕ ಮೋಟಾರಿಗೆ ಸೇರುತ್ತೆ. ಕೊಂಡಿಯ ಸ್ಕ್ರೂ, ಅದರ ಕೆಳಗಿನ ಎಳ್ಳಿನಷ್ಟು ಸ್ಪ್ರಿಂಗು ಕಳೆದುಹೋಗಿದ್ದರೆ ಎಷ್ಟೇ ಚಂದದ ಎಂಜಿನ್ನೂ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಕೈಯಲ್ಲೇ ನೋಡಿ ಕೊಳ್ಳುವ ಅವಕಾಶ ಇದ್ದರೆ ಜೇಬಿನಲ್ಲಿ ಒಂದು 9 ವೋಲ್ಟ್ ಬ್ಯಾಟರಿ ಇಟ್ಟುಕೊಂಡು ಹೋಗಿ. ಇವು 12 ವೋಲ್ಟ್ ಡಿಸಿ ಮೇಲೆ ಓಡುವಂಥವು, ಒಂದು ವಯರು ಎಂಜಿನ್ ಚಕ್ರಕ್ಕೆ, ಇನ್ನೊಂದು ಟೆಂಡರ್ ಚಕ್ರಕ್ಕೆ ಮುಟ್ಟಿಸಿ, ತಿರುಗದಿದ್ದರೆ ಆಚೆ ಪಕ್ಕದ ಚಕ್ರಕ್ಕೆ. ಸರಳುಗಳು ತಡವರಿಸದೆ ತಿರುಗಬೇಕು. ಬ್ಯಾಟರಿಯೂ ಇಲ್ಲವಾ? ಸೇಫ್ಟಿ ಪಿನ್ ಸಾಕು. ಹಿತ್ತಾಳೆಗೆ ಪಿನ್ ಅಂಟಲ್ಲ, ಆದರೆ ಹಳೆಯ ಮೋಟಾರಿನ ಅಯಸ್ಕಾಂತ ಇರುವ ಜಾಗಕ್ಕೆ ಬಂದಾಗ ಮೆಲ್ಲಗೆ ಎಳೆಯುತ್ತೆ. ಆ ಎಳೆತ ಗೊತ್ತಿದ್ದಿದ್ದರೆ ನನ್ನ ಎಂಟೂವರೆ ಸಾವಿರ ಉಳಿಯುತ್ತಿತ್ತು.

ಇನ್ನು ನಮ್ಮ ದೇಶದ ಎಂಜಿನ್ನೇ ಬೇಕು ಅನ್ನುವವರು. ಮಾವನವರಿಗೂ ಅದೇ ಆಸೆ ಇರುತ್ತೆ, ಅಲ್ವಾ? ಇಲ್ಲಿ ಅಳತೆಯ ತೊಡಕಿದೆ. ಜಾಸ್ತಿ ಚಾಲ್ತಿಯಲ್ಲಿರುವುದು ಎಚ್‌ಓ, ಅಂದ್ರೆ 87ರಲ್ಲಿ ಒಂದು ಪಾಲು, ಅದರ ಹಳಿಯ ಅಗಲ 16.5 ಮಿಲಿಮೀಟರ್. ಅದು ಯುರೋಪ್, ಅಮೆರಿಕದ 1435 ಮಿ.ಮೀ. ಗೇಜಿಗೆ ಸರಿ. ನಮ್ಮ ಬ್ರಾಡ್ ಗೇಜ್ 1676. ಲೆಕ್ಕ ಹಾಕಿದರೆ 19.3 ಮಿ.ಮೀ. ಹಳಿ ಬೇಕು, ಅಂಥ ಹಳಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗಲ್ಲ. ಕಡಿಮೆ ಮಾಡಿ 16.5ರ ಮೇಲೆ ಕೂರಿಸಿದರೆ ದಪ್ಪ ಮನುಷ್ಯನಿಗೆ ಮಗುವಿನ ಚಪ್ಪಲಿ ತೊಡಿಸಿದ ಹಾಗೆ ಕಾಣುತ್ತೆ.

ಒಂದು ಉಪಾಯ ಹೇಳುತ್ತೇನೆ. ಸೆಂಟ್ರಲ್ ರೈಲ್ವೆಯ ಹಳಬರನ್ನು ಖೇಕಡಾ ಅಂದ್ರೆ ಏನು ಅಂತ ಕೇಳಿ, ಮುಖ ಅರಳುತ್ತೆ. ಮುಂಬೈ-ಪುಣೆ ಘಾಟಿಯಲ್ಲಿ ಗೂಡ್ಸ್ ಎಳೆಯುತ್ತಿದ್ದ ಉದ್ದ ಮೂತಿಯ ಕರೆಂಟ್ ಎಂಜಿನ್ನಿನ ಅಡ್ಡಹೆಸರು ಅದು, ಮರಾಠಿಯಲ್ಲಿ ಏಡಿ ಅಂತ ಅರ್ಥ. 1928ರಲ್ಲಿ ಬರಲು ಶುರುವಾದವು, ಮೊದಲ ಕೆಲವನ್ನು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲೇ ಮಾಡಿದ್ದರು. ಆ ದೇಶದ ಕ್ರೊಕೊಡೈಲ್ ಎಂಜಿನ್ ಇದರ ದೊಡ್ಡಪ್ಪನ ಮಗ. ಅದನ್ನು ಜರ್ಮನಿಯ ಮೇರ್ಕ್ಲಿನ್ ದಶಕಗಳಿಂದ ಮಾದರಿಯಾಗಿ ಮಾಡುತ್ತಿದೆ. ಹಿತ್ತಾಳೆಯಲ್ಲ, ಎರಕದ ಲೋಹ, ಆದರೆ ತೂಕ ಇದೆ, ಓಡುತ್ತೆ, ಹುಡುಕಿದರೆ ಸಿಗುತ್ತೆ. ನಾನಾಗಿದ್ದರೆ ಮಾವನವರಿಗೆ ಅದನ್ನೇ ಕೊಡುತ್ತಿದ್ದೆ. ಹಿತ್ತಾಳೆಯ ಹಟ ಬಿಡುತ್ತಿದ್ದೆ.

ಕೊಳ್ಳುವ ಮುಂಚೆ ಅವರನ್ನು ಒಂದು ದಿನ ಡೆಕ್ಕನ್ ಕ್ವೀನ್ ಹತ್ತಿಸಿ ಪುಣೆಗೆ ಕರೆದುಕೊಂಡು ಹೋಗಿ. ರಾತ್ರಿ ಅಲ್ಲೇ ಉಳಿದು ಮಾರನೇ ದಿನ ಕೋಥ್ರುಡ್‌ನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ, 1998ರಿಂದ ಇದೆ. ಪುಟ್ಟ ಊರಿನೊಳಗೆ ರೈಲುಗಳು ಓಡುತ್ತವೆ, ದೀಪ ಆರಿಸಿ ರಾತ್ರಿ ಮಾಡುತ್ತಾರೆ. ಅಳತೆ ಅಂದ್ರೇನು, ಓಟ ಅಂದ್ರೇನು ಅಂತ ಕಣ್ಣಿಗೆ ಗೊತ್ತಾಗುತ್ತೆ. ಅದೇ ಪುಣೆಯ ತಾಂಬಟ್ ಆಳಿಯಲ್ಲಿ ತಾಮ್ರ, ಹಿತ್ತಾಳೆ ಬಡಿಯುವವರ ಹತ್ತಿರ ನನ್ನ ಸ್ನೇಹಿತನೊಬ್ಬ ಹೋಗಿ ಎಂಜಿನ್ ಮಾಡಿಕೊಡ್ತೀರಾ ಅಂತ ಕೇಳಿದ್ದ. ಆ ಮುದುಕ ಚಿತ್ರ ನೋಡಿ, ಬಾಯ್ಲರ್ ಮಾಡಿಕೊಡ್ತೀನಿ, ಸ್ನಾನಕ್ಕಾಗುತ್ತೆ, ಉಳಿದದ್ದು ನೀನು ನೋಡ್ಕೋ ಅಂದನಂತೆ.

ಕೊನೆಗೆ ಮನೆಯವರಿಗೆ ಒಂದು ಎಚ್ಚರಿಕೆ. ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ಬೆಳಗುವ ಕೈ ನಮ್ಮವರದ್ದು. ಬಣ್ಣ ಹಚ್ಚದ ಎಂಜಿನ್‌ಗಳ ಮೇಲೆ ಸಾಮಾನ್ಯವಾಗಿ ತೆಳ್ಳಗಿನ ಲ್ಯಾಕರ್ ಲೇಪ ಇರುತ್ತೆ, ಕಪ್ಪಾಗದ ಹಾಗೆ ಕಾಪಾಡೋದು ಅದೇ. ಹುಳಿ ಹಚ್ಚಿ ಉಜ್ಜಿದರೆ ಲೇಪ ಹೋಯಿತು, ನೀರು ಗೇರಿಗೆ ಇಳಿಯಿತು, ಮುಂಬೈಯ ಮಳೆಗಾಲದ ಹವೆಗೆ ಎರಡೇ ವಾರದಲ್ಲಿ ಮಚ್ಚೆ ಮಚ್ಚೆ. ಬೆರಳಿನ ಬೆವರೂ ಆಗಲ್ಲ, ಹತ್ತಿಯ ಗ್ಲೌಸ್ ಹಾಕಿ ಹಿಡಿಯಬೇಕು.

ನಮ್ಮ ಮನೆಯಲ್ಲಿ ಈಗ ಒಪ್ಪಂದ ಆಗಿದೆ. ಜಪಾನಿನದ್ದು ಪೆಟ್ಟಿಗೆಯೊಳಗೆ, ಬೀಗ ಹಾಕಿದ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ. ಚೋರ್ ಬಜಾರಿನದ್ದು ಹೆಂಡತಿಯ ವಶ. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಅವಳು ಅದನ್ನು ಹುಣಸೆಹಣ್ಣಿನಲ್ಲಿ ಫಳಫಳ ಬೆಳಗಿ, ಮೊಮ್ಮಗನ ಸೈಕಲ್ಲಿನ ಪಕ್ಕ ಇಟ್ಟು, ಕುಂಕುಮ ಹಚ್ಚಿ ಹೂವು ಏರಿಸುತ್ತಾಳೆ. ಬಂದವರೆಲ್ಲಾ ಅದನ್ನೇ ನೋಡಿ, ಎಷ್ಟು ಚಂದ ಇದೆ, ಎಲ್ಲಿ ತಗೊಂಡ್ರಿ ಅಂತ ಕೇಳುತ್ತಾರೆ.

ನಿಮ್ಮ ಹಳೆಯ ಓದುಗ,
ಡೊಂಬಿವಲಿ ಪೂರ್ವ