ಫ್ಯೂಜಿ ಚಿತ್ರದ ಕೆಳಗೆ ತಿಂಗಳೂ ಇರಲಿ

ಮಾನ್ಯರೆ,

ಪ್ರವಾಸ ಪುರವಣಿಗಳಲ್ಲಿ ಜಪಾನಿನ ಫ್ಯೂಜಿ ಪರ್ವತದ ಬಗ್ಗೆ ಬರೆದಾಗಲೆಲ್ಲ ಅಚ್ಚಾಗುವುದು ಹಿಮದ ಟೋಪಿ ಹೊತ್ತ ಅದೇ ಚಿತ್ರ. ಬರಹ ಮಾತ್ರ ಜುಲೈ ಚಾರಣದ್ದು! ಚಾರಣದ ದಾರಿ ತೆರೆದಿರುವ ಜುಲೈನಿಂದ ಸೆಪ್ಟೆಂಬರ್ ಆರಂಭದವರೆಗೆ 3,776 ಮೀಟರ್ ಎತ್ತರದ ಈ ಜ್ವಾಲಾಮುಖಿ ಬೋಳು ಬೋಳು. ಅದೂ ಹಗಲಲ್ಲಿ ಮೋಡದ ಮರೆಯಲ್ಲೇ ಹೆಚ್ಚು.

ನಮ್ಮ ರಜೆಗಳ ಲೆಕ್ಕದಲ್ಲೇ ನೋಡಿ. ದಸರಾ ರಜೆಗೆ ಹೋದವರಿಗೆ ಹಿಮ ಸಿಕ್ಕರೆ ಅದೃಷ್ಟ. ಸರಾಸರಿ ಅಕ್ಟೋಬರ್ 2ರ ಸುಮಾರಿಗೆ ಕಾಣುವ ಮೊದಲ ಹಿಮ, 2024ರಲ್ಲಿ ಕಂಡದ್ದು ನವೆಂಬರ್ 7ಕ್ಕೆ. 1894ರಿಂದ ಇಟ್ಟ ದಾಖಲೆಯಲ್ಲಿ ಅಷ್ಟು ತಡವಾದದ್ದೇ ಇರಲಿಲ್ಲ. ಬೇಸಿಗೆ ರಜೆ ವಾಸಿ: ಏಪ್ರಿಲ್ ಮಧ್ಯದಲ್ಲಿ ಪರ್ವತದ ಉತ್ತರ ಬುಡದ ಕವಾಗುಚಿ ಸರೋವರದ ಉತ್ತರ ದಡದಲ್ಲಿ ಚೆರ್ರಿ ಹೂವೂ ಹಿಂದಿನ ಹಿಮವೂ ಒಂದೇ ಚೌಕಟ್ಟಿಗೆ ಬರುತ್ತವೆ. ಆಕಾಶ ಅತಿ ತಿಳಿಯಾಗಿರುವುದು ಚಳಿಗಾಲದಲ್ಲಿ. ಆಗ ಚಳಿಗೆ ಕ್ಯಾಮೆರಾದ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದು ಒಳಜೇಬಿನಲ್ಲಿ ಬೆಚ್ಚಗಿರಲಿ.

ದಿಕ್ಕಿನ ವಿಷಯವೂ ಇದೆ. ಉತ್ತರ ದಡದಲ್ಲಿ ನಿಂತರೆ ಕ್ಯಾಮೆರಾ ನೋಡುವುದು ದಕ್ಷಿಣಕ್ಕೆ. ಚಳಿಗಾಲದ ಸೂರ್ಯ ಅತ್ತಲೇ ತಗ್ಗಿನಲ್ಲಿ ಸಾಗುವುದರಿಂದ ಮಧ್ಯಾಹ್ನದ ಹೊತ್ತಿಗೆ ಪರ್ವತ ಎದುರುಬೆಳಕಿಗೆ ಸಿಕ್ಕಿ ಬರೀ ಕಪ್ಪು ಆಕೃತಿ. ಸೂರ್ಯೋದಯದ ನಂತರದ ಒಂದೆರಡು ಗಂಟೆಯಲ್ಲೇ ಕೆಲಸ ಮುಗಿಸಬೇಕು. ನೀರಿನಲ್ಲಿ ಪ್ರತಿಬಿಂಬ ಬೇಕಿದ್ದರೂ ಗಾಳಿ ಏಳುವ ಮುನ್ನದ ಆ ಹೊತ್ತೇ. ಆಗ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ತಿರುಗಿಸಿದವರು ಆ ಪ್ರತಿಬಿಂಬವನ್ನು ತಾವೇ ಒರೆಸಿಹಾಕಿಕೊಳ್ಳುತ್ತಾರೆ. 1707ರ ಸ್ಫೋಟ ಬಿಟ್ಟುಹೋದ ಹೋಯೆ ಕುಳಿ ಈ ಕಡೆಯಿಂದ ಕಾಣದು. ಪರ್ವತದ ಪೂರ್ವಕ್ಕಿರುವ ಗೋಟೆಂಬಾ ಊರಿನ ಕಡೆ ಹೋದರೆ ಎಡ ಇಳಿಜಾರಿನಲ್ಲಿ ಆ ಸ್ಫೋಟದ ಗೂನು ಎದ್ದು ಕಾಣುತ್ತದೆ, ಪೋಸ್ಟ್‌ಕಾರ್ಡಿನ ಆ ಅಚ್ಚುಕಟ್ಟು ಶಂಕು ಅಲ್ಲಿಲ್ಲ.

‘ಹಿಮಕ್ಕೆ ಪ್ಲಸ್ ಒಂದು ಸ್ಟಾಪ್’ (ಅಂದರೆ ಕ್ಯಾಮೆರಾಕ್ಕೆ ಇಮ್ಮಡಿ ಬೆಳಕು) ಎಂಬ ಬಾಯಿಪಾಠ ಇಲ್ಲಿ ಕೈಕೊಡುತ್ತದೆ. ಅದು ಚೌಕಟ್ಟಿನ ತುಂಬ ಹಿಮವಿದ್ದಾಗಿನ ಮಾತು. ಫ್ಯೂಜಿಯಲ್ಲಿ ಬಹುಪಾಲು ಹಿಮ ತುದಿಯಲ್ಲಷ್ಟೇ. ಕೆಳಗಿನ ಕಪ್ಪು ಕಾಡು ಕಂಡ ಕ್ಯಾಮೆರಾದ ಬೆಳಕಿನ ಮೀಟರ್ ಎಕ್ಸ್‌ಪೋಷರ್ ಏರಿಸಿಬಿಡುತ್ತದೆ, ಶಿಖರ ಸುಣ್ಣ ಬಳಿದಂತಾಗಿ ಹಿಮದ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಮೈನಸ್ 2/3 ಸ್ಟಾಪ್‌ನಿಂದ ಶುರುಮಾಡಿ, ಹಿಸ್ಟೋಗ್ರಾಂ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ತಾಗದಂತೆ ನೋಡಿಕೊಳ್ಳಬೇಕು. ಕಾಡಿನ ಕಪ್ಪನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಡತ) ಆಮೇಲೆ ಎತ್ತಬಹುದು. ಸುಟ್ಟುಹೋದ ಹಿಮವನ್ನು ಮರಳಿ ತರಲಾಗದು.

ಸಂಪಾದಕರಲ್ಲಿ ಕೇಳುವುದು ಒಂದೇ ಸಾಲಿನ ಅಡಿಬರಹ: ‘ಫ್ಯೂಜಿ, ಕವಾಗುಚಿ ಉತ್ತರ ದಡದಿಂದ, ಜನವರಿ, ಬೆಳಿಗ್ಗೆ 7.30’.

– ಒಬ್ಬ ಛಾಯಾಗ್ರಾಹಕ, ಶಿವಮೊಗ್ಗ