ಬಂಟನಿಗೆ ಹೇಳಿದ ಮಾತು

ಪ್ರೀತಿಯ ಗೆಳೆಯಾ,

ನಿನ್ನ ಎಡಗಾಲಿನ ಚಪ್ಪಲಿ ಇನ್ನೂ ನಮ್ಮ ನಾಯಿ ಬಂಟನ ಹತ್ತಿರವೇ ಇದೆ. ಅದನ್ನು ವಾಪಸ್ ಕೇಳಬೇಡ ಮಾರಾಯ. ಅದರ ಮೇಲೆ ಗದ್ದ ಇಟ್ಟರೇನೇ ಅವನಿಗೆ ನಿದ್ದೆ.

ಫೋನ್ ಮಾಡಿ ಹೇಳಬಹುದಿತ್ತು, ಅಲ್ವಾ? ಮಾಡಿದ್ದೆ, ಎರಡು ಸಲ. ಮಳೆ ಹೆಂಗೆ, ಅಡಿಕೆ ಹೆಂಗೆ, ಅಷ್ಟರಲ್ಲೇ ಮಾತು ಮುಗಿಯಿತು. ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರ ಕಣ್ಣಿಗೂ ಬೀಳುವ ಹಾಗೆ ಯಾಕೆ ಅಂತ ನೀನು ಕೇಳುತ್ತೀಯ. ಬಂಟನ ಪರಿಚಯ ಇರುವುದು ನಿನಗೊಬ್ಬನಿಗೇ ಅಲ್ಲ. ತೀರ್ಥಹಳ್ಳಿಯಿಂದ ನಮ್ಮೂರಿಗೆ ಬರುವ ಬಸ್ಸಿನ ಡ್ರೈವರ್ ಕೂಡ ಅವನನ್ನು ವಿಚಾರಿಸುತ್ತಾರೆ.

ಇಲ್ಲಿ ಈಗ ಕೊಯ್ಲು. ಅಂಗಳದ ತುಂಬ ಅಡಿಕೆ. ರಾತ್ರಿ ಸುಲಿಯುವವರು ಬರುತ್ತಾರೆ, ಬೆಳಿಗ್ಗೆ ಹಂಡೆಯಲ್ಲಿ ಬೇಯುತ್ತದೆ. ಆ ಒಲೆಯ ಪಕ್ಕದ ಜಾಗ ಬಂಟನದ್ದು. ಮಳೆಗಾಲವಾದರೆ ಬಚ್ಚಲೊಲೆ. ಬೆಂಕಿ ಆರಿದ ಮೇಲೆ ಬಿಸಿ ಬೂದಿಯಲ್ಲಿ ಗುಳಿ ಮಾಡಿಕೊಂಡು ಮಲಗುತ್ತಾನೆ. ರಾತ್ರಿ ಕಂದು ಬಣ್ಣದ ನಾಯಿ ಒಳಗೆ ಹೋಗುತ್ತದೆ, ಬೆಳಿಗ್ಗೆ ಬೂದಿ ಬಣ್ಣದ ನಾಯಿ ಹೊರಗೆ ಬರುತ್ತದೆ. ಬಂದವನು ನೇರ ಒಣ ಹಾಕಿದ ಬಟ್ಟೆಯ ಹತ್ತಿರ ನಿಂತೇ ಮೈ ಕೊಡವಬೇಕು. ಕಾವಲಿಯಿಂದ ಏಳುವ ಮೊದಲ ದೋಸೆಯೂ ಅವನದ್ದೇ. ಅದು ಅಮ್ಮ ಮಾಡಿದ ಕಾನೂನು. ಈಗ ದೋಸೆ ಎರೆಯುವವನು ನಾನು, ಆದರೆ ಕಾನೂನು ಬದಲಾಗಿಲ್ಲ.

ಅವನ ಬೊಗಳು ನಿನಗೆ ನೆನಪಿದೆಯಾ? ಒಂದೊಂದಕ್ಕೆ ಒಂದೊಂದು ಥರ. ಮಂಗ ಬಂದರೆ ಓಡುತ್ತಾ ಬೊಗಳುತ್ತಿದ್ದ. ಹಾವು ಕಂಡರೆ ನಿಂತಲ್ಲೇ ನಿಂತು, ಬಿಟ್ಟು ಬಿಟ್ಟು. ನೆಂಟರಿಗೆ ಬೊಗಳುವಾಗ ಬಾಲವೂ ಜೊತೆಗೆ ಆಡುತ್ತಿತ್ತು. ಅಮ್ಮ ಒಳಗೆ ಕೂತೇ ಹೇಳುತ್ತಿದ್ದಳು, 'ಹಾವು ಕಾಣುತ್ತೆ, ಲೈಟ್ ಹಾಕ್ಕೊಂಡು ಹೋಗಿ' ಅಂತ. ಒಂದು ಸಲವೂ ತಪ್ಪಿದ್ದಿಲ್ಲ. ನೀನು ಬಂದ ದಿನ ಮಾತ್ರ 'ಹಂದಿ ಬಂತೇನೋ' ಅಂದಿದ್ದಳು. ಅದನ್ನು ಇಲ್ಲಿ ವಿವರಿಸುವುದಿಲ್ಲ.

ಈ ಸಲದ ದೀಪಾವಳಿಯಲ್ಲಿ ಬಂಟ ಬೊಗಳಲಿಲ್ಲ.

ಪ್ರತಿ ವರ್ಷ ಪಟಾಕಿಯ ಮೊದಲ ಸದ್ದಿಗೆ ಅಪ್ಪಯ್ಯನ ಮಂಚದಡಿ ಸೇರುತ್ತಿದ್ದ ನಾಯಿ ಅದು. ಎರಡು ದಿನ ಅನ್ನ ಮುಟ್ಟುತ್ತಿರಲಿಲ್ಲ. ಈ ವರ್ಷ ಪಕ್ಕದ ಮನೆಯ ಮಕ್ಕಳು ಗೇಟಿನ ಹತ್ತಿರವೇ ಪಟಾಕಿ ಹಚ್ಚಿದರು. ಬಂಟ ಜಗಲಿಯಲ್ಲಿ ಕಾಲು ಚಾಚಿ ಮಲಗಿದ್ದ. ವಯಸ್ಸಾಯ್ತು, ಧೈರ್ಯ ಬಂತು ಅಂತ ನಾನು ಖುಷಿಪಟ್ಟೆ. ರಾತ್ರಿ ಅಂಟಿಕೆ-ಪಂಟಿಕೆಯವರು ದೀಪ ಹಿಡಿದುಕೊಂಡು ಹಾಡುತ್ತಾ ಬಂದರು. ಹತ್ತು ಹನ್ನೆರಡು ಜನ. ಬಾಗಿಲಲ್ಲಿ ನಿಂತು ಹಾಡಿದರು. ನಾನು ದೀಪಕ್ಕೆ ಎಣ್ಣೆ ಹಾಕಿದೆ. ಬಂಟ ಕಣ್ಣು ಬಿಡಲಿಲ್ಲ. ಅವರಲ್ಲೊಬ್ಬರು ದಾಟುವಾಗ ಅವನ ಬಾಲ ತುಳಿದರು. ಆಗ ಎದ್ದ ನೋಡು, ಅಷ್ಟು ಜನರನ್ನು ಒಮ್ಮೆಗೇ ಕಂಡು ನಡುಗಿಬಿಟ್ಟ. ಅವನ ಪಾಲಿಗೆ ಅವರೆಲ್ಲ ಎಲ್ಲಿಂದಲೋ ಉದುರಿದ ಹಾಗಿತ್ತು.

ಹಬ್ಬ ಮುಗಿದ ಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಪ್ಪಯ್ಯ ತಾವೂ ಬರುತ್ತೇನೆ ಅಂದರು. ಅಂದದ್ದು ನನಗಲ್ಲ, ಬಂಟನಿಗೆ. 'ಬಂಟಾ, ನಾನೂ ಬರ್ತೀನಿ ಅಂತ ಹೇಳು.' ಮಂಡಗದ್ದೆ ದಾಟಿ ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಹೋಗುವಾಗ ಬಂಟ ಇದ್ದಕ್ಕಿದ್ದಂತೆ ಎದ್ದು ಕಿಟಕಿಯಿಂದ ಮೂತಿ ಹೊರಗೆ ಹಾಕಿದ. ನಮಗೆ ಆನೆ ಕಂಡಿದ್ದು ಆಮೇಲೆ. ಮೂಗು ಹಾಗೇ ಇದೆ ಅಂತ ಅಲ್ಲೇ ಗೊತ್ತಾಯಿತು.

ಡಾಕ್ಟರ್ ಒಳ್ಳೆಯವರು. ಬಂಟನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು. ಸ್ಟೀಲ್ ತಟ್ಟೆ ಬೀಳಿಸಿದರು. ನಾನು ಬೆಚ್ಚಿದೆ, ಅಪ್ಪಯ್ಯ ಬೆಚ್ಚಿದರು, ಬಂಟ ಕಿಟಕಿ ನೋಡುತ್ತಿದ್ದ. ನಾಯಿಯ ಕಿವಿಯ ಓಣಿ ಮೊದಲು ಕೆಳಗೆ ಇಳಿದು ಆಮೇಲೆ ಒಳಕ್ಕೆ ತಿರುಗುತ್ತದಂತೆ. ಅದಕ್ಕೇ ಅಲ್ಲಿ ಕೊಳೆ ಕೂರುವುದು, ಸೋಂಕಾಗುವುದು ಜಾಸ್ತಿ. ಹಾಗಿದ್ದರೆ ಔಷಧಿಯಲ್ಲಿ ಸರಿಹೋಗಬಹುದಿತ್ತು. ಲೈಟ್ ಹಾಕಿ ನೋಡಿದರು. ಬಂಟನ ಕಿವಿ ಸ್ವಚ್ಛವಾಗಿತ್ತು. ಹನ್ನೊಂದು ವರ್ಷ, ವಯಸ್ಸಿನದ್ದು, ನಿಧಾನವಾಗಿ ಹೋಗಿದೆ, ತಿಂಗಳುಗಳೇ ಆಗಿರಬೇಕು ಅಂದರು. ಮಲಗಿದ್ದಾಗ ಹಿಂದಿನಿಂದ ಮುಟ್ಟಬೇಡಿ, ನೆಲ ಕುಟ್ಟಿ, ಇಲ್ಲ ಮೂಗಿನ ಮುಂದೆ ಕೈ ಹಿಡಿಯಿರಿ, ಅಂದರು. ಮರಿ ಹುಟ್ಟಿದಾಗಲೂ ನಾಯಿಗೆ ಕಿವಿ ಕೇಳುವುದಿಲ್ಲವಲ್ಲ. ಎರಡು ವಾರ ಕಳೆದ ಮೇಲೇ ಕಿವಿ ತೆರೆಯುವುದು. ಹಿಂದಕ್ಕೆ ಬರುವಾಗ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ.

ನಿಮ್ಮ ಮನೆಯಲ್ಲೂ ವಯಸ್ಸಾದ ನಾಯಿ ಇದ್ದು, ಈ ವರ್ಷ ಪಟಾಕಿಗೆ ಹೆದರದಿದ್ದರೆ, ದಯವಿಟ್ಟು ಒಮ್ಮೆ ಅದರ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡಿ. ಇದು ಓದುತ್ತಿರುವ ಉಳಿದವರಿಗೆ.

ನಮ್ಮನೆಯಲ್ಲಿ ನಾಯಿ ಜಗಲಿ ದಾಟಿ ಒಳಗೆ ಬರುವಂತಿಲ್ಲ ಅಂತ ನಿನಗೆ ಗೊತ್ತು. ಪಟಾಕಿಯ ಎರಡು ದಿನ ಮಾತ್ರ ಅಪ್ಪಯ್ಯ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಶಿವಮೊಗ್ಗದಿಂದ ಬಂದ ರಾತ್ರಿ ಅವರೇ ಒಂದು ಗೋಣಿಚೀಲ ತಂದು ತಮ್ಮ ಮಂಚದ ಪಕ್ಕ ಹಾಸಿದರು. ಚಿರತೆ ಬಂದರೆ ಇವನಿಗೆ ಗೊತ್ತಾಗಲ್ಲ ಅಂತ ಗೋಡೆಗೆ ಹೇಳಿದರು. ಆ ಮಾತೂ ಸರಿಯೇ. ನಮ್ಮ ಕೇರಿಯಲ್ಲಿ ಚಿರತೆ ನಾಯಿ ಒಯ್ಯುವುದು ಹೊಸದಲ್ಲ.

ನೀನು ಹೋದ ವರ್ಷ ಆತಕೂರಿನ ವೀರಗಲ್ಲಿನ ಫೋಟೋ ಕಳಿಸಿದ್ದೆಯಲ್ಲ, ಬೆಂಗಳೂರಿನ ಮ್ಯೂಸಿಯಂನಿಂದ. ಅದನ್ನೂ ಅಪ್ಪಯ್ಯ ಬಂಟನಿಗೇ ತೋರಿಸಿದ್ದರು. 'ನೋಡೋ, ಸಾವಿರ ವರ್ಷದ ಹಿಂದೆ ಕಾಳಿ ಅಂತ ಒಂದು ನಾಯಿ. ಹಂದಿ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದ್ದಾರೆ. ನೀನು ಹಂದಿ ಕಂಡರೆ ಕೊಟ್ಟಿಗೆ ಸೇರ್ತೀಯ. ಇರಲಿ, ನೀನು ಹಾಗೇ ಇರು.'

ಈಗ ವಿಷಯಕ್ಕೆ ಬರುತ್ತೇನೆ.

ಅಮ್ಮ ಹೋಗಿ ಮೂರು ವರ್ಷ. ಅವಳಿದ್ದಾಗ ಅಪ್ಪಯ್ಯನ ಮಾತು ನನಗೆ, ನನ್ನ ಮಾತು ಅಪ್ಪಯ್ಯನಿಗೆ ಅವಳೇ ತಲುಪಿಸುತ್ತಿದ್ದಳು. ನಮ್ಮಿಬ್ಬರ ನಡುವೆ ಜಗಳ ಏನೂ ಇಲ್ಲ. ಮಾತು ಇರಲಿಲ್ಲ, ಅಷ್ಟೇ. ಅಮ್ಮ ಹೋದ ಮೇಲೆ ಆ ಕೆಲಸ ಬಂಟನಿಗೆ ಬಂತು. 'ಬಂಟಾ, ಊಟಕ್ಕೆ ಏಳೋಕೆ ಹೇಳು.' 'ಬಂಟಾ, ಬಿಪಿ ಮಾತ್ರೆ ಖಾಲಿ ಆಗಿದೆ.' ಇಬ್ಬರೂ ಅವನ ಮುಖ ನೋಡಿ ಹೇಳುತ್ತೇವೆ. ಅವನು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಾನೆ. ಕೆಲಸ ನಡೆಯುತ್ತದೆ. ಅವನಿಗೆ ಕೇಳಲ್ಲ ಅಂತ ಗೊತ್ತಾದ ಮೇಲೆ ಏನಾಯಿತು ಅಂದುಕೊಂಡೆ? ಏನೂ ಆಗಲಿಲ್ಲ. ಇಬ್ಬರೂ ಅವನಿಗೇ ಹೇಳುತ್ತಿದ್ದೇವೆ, ಸ್ವಲ್ಪ ಜೋರಾಗಿ.

ಸಂಜೆ ಹೊತ್ತು ಅಪ್ಪಯ್ಯ ಜಗಲಿಯಲ್ಲಿ ಕೂತು ಬಂಟನ ಮೈಯಿಂದ ಉಣುಗು ತೆಗೆಯುತ್ತಾರೆ. ಕಾಡು ತಿರುಗುವ ನಾಯಿ, ಉಣುಗು ತಪ್ಪಿದ್ದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿಂದ ನಮ್ಮ ಕಡೆ ಉಣುಗು ಅಂದರೆ ಭಯ. ಚಿಮಟದಲ್ಲಿ ಒಂದೊಂದೇ ಹಿಡಿದು ಸೀಮೆಎಣ್ಣೆ ಬಟ್ಟಲಿಗೆ ಹಾಕುತ್ತಾರೆ. ಕಿವಿಯ ಮಡಿಕೆ, ಬೆರಳ ಸಂದು, ಬಾಲದ ಬುಡ. ಬಂಟ ಕಣ್ಣು ಮುಚ್ಚಿ ಕೊಡುತ್ತಾನೆ.

ನಿನಗೆ ಹೇಳದ ಒಂದು ವಿಷಯ ಇದೆ. ಎರಡು ತಿಂಗಳ ಹಿಂದೆ ನಾನು ಬೆಂಗಳೂರಿನ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದೆ. ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ ಬಂಟನಿಗೆ ಮಾತ್ರ ಹೇಳಿದೆ, ಜಗಲಿಯಲ್ಲಿ. ಕೆಲಸ ಸಿಕ್ಕರೆ ಏನು ಮಾಡಲಿ ಅಂತ ಕೇಳಿದೆ. ಅವನು ಕಿವಿ ನಿಮಿರಿಸಲಿಲ್ಲ. ಅದಕ್ಕೇ ಎರಡೆರಡು ಸಲ ಹೇಳಿದೆ, ದನಿ ಏರಿಸಿ. ಒಳಗೆ ಅಪ್ಪಯ್ಯ ಮಲಗಿದ್ದರು. ನಿದ್ದೆ ಬಂದಿತ್ತು ಅಂದುಕೊಂಡಿದ್ದೆ.

ಮೊನ್ನೆ ಸಂಜೆ ನಾನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ಜಗಲಿಯಿಂದ ಅಪ್ಪಯ್ಯನ ದನಿ. 'ನಿಂಗೆ ಕೇಳಲ್ಲ ಅಂತ ಗೊತ್ತು ಕಣೋ. ಆದ್ರೂ ಹೇಳ್ತೀನಿ. ಅವನು ಹೋಗೋದಾದ್ರೆ ಹೋಗ್ಲಿ. ನಾವಿಬ್ರು ಇರ್ತೀವಿ. ದೋಸೆ ಎರೆಯೋಕೆ ಮಾತ್ರ ನಂಗೆ ಬರಲ್ಲ, ನೀನು ಹೊಂದ್ಕೋಬೇಕು.'

ನಾನು ನಲ್ಲಿ ನಿಲ್ಲಿಸಿದೆ. ಮತ್ತೇನಾದರೂ ಹೇಳುತ್ತಾರಾ ಅಂತ ಕಾದೆ. ಹೇಳಲಿಲ್ಲ. ಬಟ್ಟಲಿಗೆ ಚಿಮಟ ತಾಗುವ ಸದ್ದು ಮಾತ್ರ.

ಇಂಟರ್‌ವ್ಯೂಗೆ ಕರೆ ಬಂದಿದೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನನಗೆ ಕಾಡುತ್ತಿರುವುದು ಕೆಲಸದ ವಿಷಯವೂ ಅಲ್ಲ. ಬಂಟನಿಗೆ ಹನ್ನೊಂದು ವರ್ಷ. ಅವನು ಇಲ್ಲದ ದಿನ ನಾನು, ಅಪ್ಪಯ್ಯ ಯಾರ ಮುಖ ನೋಡಿ ಮಾತಾಡುವುದು? ರಾತ್ರಿ ಎಚ್ಚರವಾದರೆ ಇದೇ ನೆನಪಾಗುತ್ತದೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಮಾರಾಯ. ಬಂಟನ ಸುದ್ದಿ ಹೇಳಿ ಮುಗಿಸುವುದಿತ್ತು. ಸುದ್ದಿ ಇಷ್ಟು: ಅವನು ಚೆನ್ನಾಗಿದ್ದಾನೆ. ದೋಸೆ ಕಾವಲಿಗೆ ಬಿದ್ದ ವಾಸನೆಗೆ ಅಂಗಳದ ಆ ತುದಿಯಿಂದ ಬರುತ್ತಾನೆ. ಬಸ್ಸು ಬರುವ ಹೊತ್ತಿಗೆ ರಸ್ತೆಯ ನಡುವೆ ಮಲಗಿರುತ್ತಾನೆ. ಹಾರ್ನ್ ಕೇಳುವುದಿಲ್ಲವಲ್ಲ, ಡ್ರೈವರ್ ಇಳಿದು ಬಂದು ಮೂಗಿನ ಮುಂದೆ ಕೈ ಹಿಡಿಯುತ್ತಾರೆ. ಬಂಟ ಎದ್ದು, ಮೈ ಮುರಿದು, ದಾರಿ ಬಿಡುತ್ತಾನೆ. ಬಸ್ಸಿನಲ್ಲಿದ್ದವರೆಲ್ಲ ನಗುತ್ತಾರೆ.

ಕೊಯ್ಲು ಮುಗಿಯುವುದರೊಳಗೆ ಒಮ್ಮೆ ಬಾ. ರಸ್ಕ್ ತಾ, ಎರಡು ಪ್ಯಾಕೆಟ್. ಗೇಟಿನ ಹತ್ತಿರ ನಿಂತು ಕೂಗಬೇಡ. ಜಗಲಿಗೆ ಬಂದು ಕಾಲಿನಿಂದ ನೆಲ ಕುಟ್ಟು. ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಾರೆ.

ನಿನ್ನ
ಗೆಳೆಯ